ಚಿನ್ನಾದೇವಿಗೆ ಕೊಟ್ಟ ಮಾತು

ತುರುವೇಕೆರೆ ತಾಲ್ಲೂಕಿನಲ್ಲಿ ನಾಗಲಾಪುರ ಎಂಬ ಊರಿದೆ. ಸುತ್ತ ತೆಂಗಿನ ತೋಟ, ನಡುವೆ ಹೊಯ್ಸಳರ ಕಾಲದ ಎರಡು ಗುಡಿ. ಒಂದು ಚೆನ್ನಕೇಶವನದು, ಇನ್ನೊಂದು ಕೇದಾರೇಶ್ವರನದು. ಬಳಪದ ಕಲ್ಲಿನ ಕೆತ್ತನೆ ನೋಡಲು ಬರುವವರು ಅಪರೂಪವಾದರೂ ಬಂದವರು ಬರಿಗೈಲಿ ಹೋಗುವುದಿಲ್ಲ. ಇತಿಹಾಸವನ್ನು ಅಲ್ಪಸ್ವಲ್ಪ ಓದಿಕೊಂಡ ಯಾರಾದರೂ ಜೊತೆಯಲ್ಲಿದ್ದರೆ ಅವರ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: "ಇದೇ ಅಲ್ಲವೇ, ಕೃಷ್ಣದೇವರಾಯ ತನ್ನ ಪ್ರೇಯಸಿಗಾಗಿ ಕಟ್ಟಿಸಿದ ಊರು?"

ಅಲ್ಲ. ಈ ಗುಡಿಗಳು 13ನೇ ಶತಮಾನದವು. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಅವನು ಕಟ್ಟಿಸಿದ ನಾಗಲಾಪುರ ಇರುವುದು ತುಂಗಭದ್ರೆಯ ಕಡೆ, ಇಂದಿನ ಹೊಸಪೇಟೆಯ ನೆಲದಲ್ಲಿ. ಆಂಧ್ರದ ತಿರುಪತಿಯ ಸೀಮೆಯಲ್ಲಿ ಇನ್ನೊಂದು ನಾಗಲಾಪುರವಿದೆ. ಅಲ್ಲಿಯ ವೇದನಾರಾಯಣ ದೇವಸ್ಥಾನಕ್ಕೂ ಇದೇ ರಾಯನ ಹೆಸರೇ ಅಂಟಿಕೊಂಡಿದೆ. ಒಂದೇ ಹೆಸರಿನ ಊರುಗಳು ಹೀಗೆ ಒಂದರ ಕಥೆಯನ್ನು ಇನ್ನೊಂದಕ್ಕೆ ಸಾಲ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಆ ಕಥೆ ಮಾತ್ರ ಕೇಳತಕ್ಕದ್ದು. ಯಾಕೆಂದರೆ ಅದರಲ್ಲಿ ಒಬ್ಬ ಹೆಂಗಸಿದ್ದಾಳೆ. ಐನೂರು ವರ್ಷಗಳಿಂದ ಅವಳನ್ನು ಒಬ್ಬರು ಸೂಳೆ ಎನ್ನುತ್ತಾರೆ, ಇನ್ನೊಬ್ಬರು ರಾಣಿ ಎನ್ನುತ್ತಾರೆ. ಅವಳ ಹೆಸರು ಚಿನ್ನಾದೇವಿ.

ಕಥೆಯನ್ನು ವಿವರವಾಗಿ ಹೇಳಿದವನು ಫರ್ನಾವ್ ನ್ಯೂನಿಜ್ ಎಂಬ ಪೋರ್ಚುಗೀಸ. ಕುದುರೆ ವ್ಯಾಪಾರಿ. ಕೃಷ್ಣದೇವರಾಯ ತೀರಿಕೊಂಡ ಮೇಲೆ, ಅಚ್ಯುತರಾಯನ ಕಾಲದಲ್ಲಿ, ಅಂದರೆ ಸುಮಾರು 1535ರ ಹೊತ್ತಿಗೆ ವಿಜಯನಗರದಲ್ಲಿ ಇದ್ದವನು. ಅವನು ಬರೆದಿಟ್ಟಿರುವುದು ಹೀಗೆ. ರಾಯ ಇನ್ನೂ ಅರಮನೆಯಲ್ಲಿ ಬೆಳೆಯುತ್ತಿದ್ದ ಹುಡುಗನಾಗಿದ್ದಾಗ ಪಟ್ಟಣದ ಒಬ್ಬ ಗಣಿಕೆಯ ಮೇಲೆ ಮನಸ್ಸಾಯಿತು. ತಾನು ದೊರೆಯಾದರೆ ನಿನ್ನನ್ನೇ ಮದುವೆಯಾಗುತ್ತೇನೆ ಎಂದು ಎಷ್ಟೋ ಸಲ ಮಾತು ಕೊಟ್ಟ. ಹೇಳಿದ್ದು ತಮಾಷೆಗೆ. ಅವನಿಗೆ ಪಟ್ಟ ಸಿಗುವ ನಂಬಿಕೆ ಯಾರಿಗಿತ್ತು? ಅಣ್ಣ ವೀರನರಸಿಂಹ ಆಳುತ್ತಿದ್ದ. ಆದರೆ ಪಟ್ಟ ಸಿಕ್ಕಿತು. ಸಿಂಹಾಸನದ ಮೇಲೆ ಕೂತವನಿಗೆ ಹಳೆಯ ಮಾತು ಮರೆಯಲಿಲ್ಲ. ರಾತ್ರಿ ಯಾರಿಗೂ ತಿಳಿಯದಂತೆ ಅರಮನೆ ಬಿಟ್ಟು ಅವಳ ಮನೆಗೆ ಹೋಗುತ್ತಿದ್ದ.

ಮಂತ್ರಿ ಸಾಳುವ ತಿಮ್ಮರಸನಿಗೆ ಇದರ ವಾಸನೆ ಹತ್ತಿತು. ಒಂದು ರಾತ್ರಿ ಹಿಂದೆಯೇ ಹೋದ. ದೊರೆ ಆ ಮನೆಯೊಳಗೆ ಹೊಕ್ಕುವವರೆಗೂ ಕಾದಿದ್ದು, ಆಮೇಲೆ ಹೊರಗೆ ಕರೆತಂದು ಚೆನ್ನಾಗಿ ಬೈದ. 'ಅಪ್ಪಾಜಿ' ಎಂದು ದೊರೆಯಿಂದಲೇ ಕರೆಸಿಕೊಂಡ ಮಂತ್ರಿ ಎಂಬ ಪ್ರತೀತಿ ಇರುವವನು. ಬೈಯುವ ಸಲಿಗೆ ಅವನಿಗಿತ್ತು. ರಾಯ ತಲೆ ತಗ್ಗಿಸಿ ಕೇಳಿಸಿಕೊಂಡ, ಆದರೆ ಪಟ್ಟು ಬಿಡಲಿಲ್ಲ. ಮಾತು ಕೊಟ್ಟಿದ್ದೇನೆ, ಏನಾದರಾಗಲಿ ಮದುವೆಯಾಗುವವನೇ ಎಂದ. ತಿಮ್ಮರಸ ಸಂಸಾರಸ್ಥನ ಬುದ್ಧಿಯುಳ್ಳ ಮುತ್ಸದ್ದಿ. ತಡೆಯಲಾಗದ ನೀರನ್ನು ಕೋಡಿಯಲ್ಲಿ ಹರಿಯಬಿಡುವುದೇ ಜಾಣತನ ಎಂದು ಅವನಿಗೆ ಗೊತ್ತು. ಮೊದಲು ರಾಜವಂಶದ ಒಂದು ಸುಂದರ ಕನ್ಯೆಯನ್ನು ತಂದು ದೊರೆಗೆ ಮದುವೆ ಮಾಡಿಸಿದ. ಮದುವೆಯ ಶಾಸ್ತ್ರಗಳೆಲ್ಲ ಮುಗಿದ ಮೇಲೆ ಇವಳನ್ನೂ ಅವಳನ್ನೂ ಒಂದೇ ಮನೆಗೆ ತಂದಿರಿಸಿದ. ಆ ಮನೆಗೆ ಎತ್ತರವಾದ ಒಂದು ಗೋಪುರ ಸೇರಿಸಿ ಕಟ್ಟಿಸಿದ. ಊರಿನವರು ಆಡಿಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ. ಮುಂದೆ ರಾಯ ಇನ್ನೂ ಮದುವೆಗಳನ್ನು ಮಾಡಿಕೊಂಡರೂ ಉಳಿದವರಿಗಿಂತ ಇವಳ ಮೇಲೆಯೇ ಅವನ ಪ್ರೀತಿ ಹೆಚ್ಚು ಎನ್ನುವುದು ನ್ಯೂನಿಜನ ಮಾತು.

ಕಥೆ ಚೆನ್ನಾಗಿದೆ. ಚೆನ್ನಾಗಿರುವ ಕಥೆಯನ್ನೇ ಮೊದಲು ಸಂಶಯದಿಂದ ನೋಡಬೇಕು. ನ್ಯೂನಿಜ್ ಇದನ್ನು ಬರೆದದ್ದು ಘಟನೆ ನಡೆದು ಇಪ್ಪತ್ತೈದು ವರ್ಷಗಳಾದ ಮೇಲೆ. ಅವನಿಗೆ ಸುದ್ದಿ ಸಿಕ್ಕಿದ್ದು ಕುದುರೆ ಸಂತೆಯ ಜನರಿಂದಲೋ ಅರಮನೆಯ ಊಳಿಗದವರಿಂದಲೋ ಇರಬೇಕು. ಅವನೇ ಹೇಳುವ ಇನ್ನೊಂದು ಪ್ರಸಂಗ ನೋಡಿ. ಸಾಯುತ್ತಿದ್ದ ವೀರನರಸಿಂಹ, ತನ್ನ ಎಂಟು ವರ್ಷದ ಮಗನಿಗೇ ಪಟ್ಟ ಸಿಗಲೆಂದು ತಮ್ಮ ಕೃಷ್ಣರಾಯನ ಕಣ್ಣು ಕೀಳಿಸಲು ಆಜ್ಞೆ ಮಾಡಿದನಂತೆ. ತಿಮ್ಮರಸ ಒಂದು ಮೇಕೆಯ ಕಣ್ಣು ಕಿತ್ತು ತೋರಿಸಿ ಹುಡುಗನನ್ನು ಉಳಿಸಿದನಂತೆ. ಅಜ್ಜಿ ಕಥೆಯ ಗುಣ ಇದರಲ್ಲಿ ಎದ್ದು ಕಾಣುತ್ತದೆ. ಮನುಷ್ಯನ ಕಣ್ಣಿಗೂ ಮೇಕೆಯ ಕಣ್ಣಿಗೂ ವ್ಯತ್ಯಾಸ ಗೊತ್ತಾಗದ ದೊರೆ ಅಪರೂಪ. ಮೇಕೆಯ ಕಣ್ಣಿನ ಪಾಪೆ ಅಡ್ಡ ಸೀಳಿನಂತೆ ಇರುತ್ತದೆ, ಮನುಷ್ಯನದು ದುಂಡಗೆ. ಆದ್ದರಿಂದ ನ್ಯೂನಿಜನೊಬ್ಬನನ್ನೇ ನಂಬಿ ಚಿನ್ನಾದೇವಿಯ ಬಗ್ಗೆ ತೀರ್ಪು ಕೊಡುವಂತಿಲ್ಲ.

ಅದೃಷ್ಟಕ್ಕೆ ಇನ್ನೊಬ್ಬ ಸಾಕ್ಷಿಯಿದ್ದಾನೆ. ಡೊಮಿಂಗೊ ಪಾಯೆಸ್. ಇವನೂ ಪೋರ್ಚುಗೀಸನೇ, ಆದರೆ 1520ರ ಸುಮಾರಿಗೆ ಕೃಷ್ಣದೇವರಾಯ ಬದುಕಿ ಆಳುತ್ತಿದ್ದಾಗಲೇ ಬಂದವನು. ದೊರೆಯನ್ನು ಹತ್ತಿರದಿಂದ ಕಂಡವನು: ಸಾಧಾರಣ ಎತ್ತರ, ಬಿಳುಪು ಮೈಬಣ್ಣ, ಮುಖದ ಮೇಲೆ ಸಿಡುಬಿನ ಕಲೆ. ಹೊಗಳುವುದಕ್ಕೆಂದೇ ಬರೆಯುವವನು ಸಿಡುಬಿನ ಕಲೆಯನ್ನು ಬರೆಯುವುದಿಲ್ಲ; ಪಾಯೆಸನ ಮಾತಿಗೆ ತೂಕ ಬರುವುದು ಇಂಥ ಕಡೆ. ಅವನ ಪ್ರಕಾರ ರಾಯನಿಗೆ ಧರ್ಮಪತ್ನಿಯರು ಹನ್ನೆರಡು ಮಂದಿ, ಅವರಲ್ಲಿ ಮುಖ್ಯರಾದವರು ಮೂವರು. ಒಬ್ಬಳು ಒರಿಸ್ಸಾದ ಗಜಪತಿಯ ಮಗಳು. ಒಬ್ಬಳು ಸಾಮಂತನಾದ ಶ್ರೀರಂಗಪಟ್ಟಣದ ಅರಸನ ಮಗಳು. ಮೂರನೆಯವಳು, ದೊರೆ ಯುವಕನಾಗಿದ್ದಾಗ ಅವನಿಗೆ ಪ್ರೇಯಸಿಯಾಗಿದ್ದ ಒಬ್ಬ ಗಣಿಕೆ. ರಾಜನಾದರೆ ಮದುವೆಯಾಗಬೇಕೆಂದು ಅವಳು ಮಾತು ತೆಗೆದುಕೊಂಡಿದ್ದಳು, ಅದರಂತೆ ಹೆಂಡತಿಯಾದಳು.

ಇಬ್ಬರ ಹೇಳಿಕೆಯಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ನ್ಯೂನಿಜನ ಕಥೆಯಲ್ಲಿ ಮಾತು ಕೊಟ್ಟವನು ರಾಯ, ತಾನಾಗಿ. ಪಾಯೆಸನ ಕಥೆಯಲ್ಲಿ ಮಾತು ತೆಗೆದುಕೊಂಡವಳು ಅವಳು. ಒಂದರಲ್ಲಿ ಅವಳು ಕೇವಲ ಕಾದು ಕೂತವಳು, ಇನ್ನೊಂದರಲ್ಲಿ ತನ್ನ ಬಾಳನ್ನು ತಾನೇ ಲೆಕ್ಕ ಹಾಕಿದವಳು. ಕಾಲಕ್ಕೆ ಹತ್ತಿರದ ಸಾಕ್ಷಿ ಎರಡನೆಯದನ್ನೇ ಹೇಳುತ್ತಾನೆ. ನಂಬುವುದಾದರೆ ಅದನ್ನೇ ನಂಬುವುದು ವಾಸಿ.

ಇಲ್ಲಿ ಗಣಿಕೆ ಎಂಬ ಮಾತಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಇಂದು ಹಳ್ಳಿಯ ಕಟ್ಟೆಯ ಮೇಲೆ 'ಇಟ್ಟುಕೊಂಡವಳು' ಎಂದರೆ ಮುಗಿಯಿತು, ಆ ಹೆಂಗಸಿಗೆ ಬೇರೆ ಹೆಸರೇ ಉಳಿಯುವುದಿಲ್ಲ. ಹಳೆಯ ಕನ್ನಡ ನಾಡಿನಲ್ಲಿ ಸಂಗತಿ ಇಷ್ಟು ಸರಳವಾಗಿರಲಿಲ್ಲ. ದೇವಸ್ಥಾನದ ಸೂಳೆಯರು, ಪಾತ್ರದವರು, ವಿಲಾಸಿನಿಯರು ಶಾಸನಗಳಲ್ಲಿ ದಾನ ಪಡೆಯುತ್ತಾರೆ, ದಾನ ಕೊಡುತ್ತಾರೆ. ಬಾದಾಮಿಯ ಹತ್ತಿರ ಮಹಾಕೂಟದ ಶಾಸನವೊಂದರಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಬರುತ್ತಾಳೆ. ಎಂಟನೆಯ ಶತಮಾನದವಳು. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಅರ್ಪಿಸಿದಳು. ಶಾಸನ ಅವಳ ತಂದೆಯ ಹೆಸರು ಹೇಳುವುದಿಲ್ಲ. ತಾಯಿ, ತಾಯಿಯ ತಾಯಿಯ ಹೆಸರು ಹೇಳುತ್ತದೆ. ಅವಳು ಪಟ್ಟದರಸಿಯಲ್ಲ, ಬೇರೆ ಬಗೆಯ ಕುಲದಿಂದ ಬಂದವಳು ಎಂದು ವಿದ್ವಾಂಸರು ಊಹಿಸುವುದು ಇದರಿಂದಲೇ. ಆದರೂ ಹೆಸರು ಕಲ್ಲಿನ ಮೇಲೆ ನಿಂತಿತು.

ವಿಜಯನಗರದಲ್ಲಿ ಅವರ ಸ್ಥಾನ ಇನ್ನೂ ವಿಚಿತ್ರ. ಎರಡನೆಯ ದೇವರಾಯನ ಕಾಲದಲ್ಲಿ, 1443ರಲ್ಲಿ, ಪರ್ಷಿಯಾದಿಂದ ಬಂದ ರಾಯಭಾರಿ ಅಬ್ದುರ್ ರಜಾಕ್ ಬರೆದಿರುವ ಒಂದು ಸಂಗತಿ ಓದಿದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಪಟ್ಟಣದ ಕಾವಲುಗಾರರ ಸಂಬಳ ದಿನಕ್ಕೆ 12,000 ಹಣ, ಅದು ಬರುತ್ತಿದ್ದುದು ವೇಶ್ಯಾಗೃಹಗಳ ತೆರಿಗೆಯಿಂದ! ಪಾಯೆಸ್ ಬಂದ ಕಾಲಕ್ಕೆ ಇವರಿಗೆ ಪಟ್ಟಣದ ಒಳ್ಳೆಯ ಬೀದಿಗಳಲ್ಲಿ ಒಳ್ಳೆಯ ಸಾಲುಮನೆಗಳು. ಅವರಲ್ಲಿ ಒಬ್ಬಳ ಬಳಿ ಒಂದು ಲಕ್ಷ ವರಹ ಇದೆ ಎಂದು ಜನ ಹೇಳುತ್ತಿದ್ದರಂತೆ. ಒಂದು ವರಹ ಸುಮಾರು 3.4 ಗ್ರಾಂ ಚಿನ್ನ. ಲಕ್ಷ ವರಹ ಎಂದರೆ 340 ಕಿಲೋ. ಊರ ಬಾಯಿ ತೂಗುವ ತಕ್ಕಡಿಯಲ್ಲಿ ಚಿನ್ನ ಯಾವಾಗಲೂ ಹೆಚ್ಚೇ ತೂಗುತ್ತದೆ, ಅದನ್ನು ಕಳೆದುಕೊಂಡೇ ಲೆಕ್ಕ ಹಿಡಿಯಬೇಕು. ಆದರೆ ಪಾಯೆಸ್ ಹೇಳುವ ಇನ್ನೊಂದು ವಿಷಯ ಚಿನ್ನಕ್ಕಿಂತ ಮುಖ್ಯ. ದೊಡ್ಡ ದೊಡ್ಡ ದಂಡನಾಯಕರಿಗೂ ಇಲ್ಲದ ಒಂದು ಅಧಿಕಾರ ಈ ಹೆಂಗಸರಿಗಿತ್ತು: ರಾಣೀವಾಸದೊಳಗೆ ಹೋಗಿ ರಾಣಿಯರ ಜೊತೆ ಕೂತು ಎಲೆಯಡಿಕೆ ಹಾಕಿಕೊಳ್ಳಬಹುದಾಗಿತ್ತು. ಗಣಿಕೆಯ ಬೀದಿಗೂ ರಾಣೀವಾಸಕ್ಕೂ ನಡುವೆ ಒಂದು ಬಾಗಿಲು ತೆರೆದೇ ಇತ್ತು ಎಂದಾಯಿತು. ಚಿನ್ನಾದೇವಿ ಆ ಬಾಗಿಲಿನಿಂದ ಒಳಗೆ ಹೋದಳು, ಆದರೆ ಹಿಂತಿರುಗಲಿಲ್ಲ.

ಒಳಗೆ ಹೋದವಳಿಗೆ ಸಿಕ್ಕಿದ್ದೇನು? ಪ್ರತಿ ರಾಣಿಗೂ ಬೇರೆ ಬೇರೆ ಮನೆ. ಒಳಗೆ ಎಲ್ಲ ಕೆಲಸವೂ ಹೆಂಗಸರದೇ. ಕತ್ತಿ ಗುರಾಣಿ ಹಿಡಿಯುವವರು, ಕುಸ್ತಿ ಆಡುವವರು, ಕಹಳೆ ಊದುವವರು ಇದ್ದರೆಂದು ಪಾಯೆಸ್. ಜ್ಯೋತಿಷ್ಯ ನೋಡುವವರು, ಅರಮನೆಯ ಖರ್ಚುವೆಚ್ಚದ ಲೆಕ್ಕ ಬರೆಯುವವರೂ ಇದ್ದರೆಂದು ನ್ಯೂನಿಜ್. ಲೆಕ್ಕ ಬರೆಯುವ ಹೆಂಗಸರು 16ನೇ ಶತಮಾನದಲ್ಲಿ! ರಾಣೀವಾಸದಲ್ಲಿ ಒಟ್ಟು 12,000 ಹೆಂಗಸರಿದ್ದರು ಎಂದು ಪಾಯೆಸನಿಗೆ ಯಾರೋ ಹೇಳಿದರು. ಈ ಸಂಖ್ಯೆಗೂ ಮೇಲಿನ ತಕ್ಕಡಿಯ ನ್ಯಾಯವೇ. ನಪುಂಸಕರ ಕಾವಲು. ಹೊರಗೆ ಹೊರಟರೆ ನಾಲ್ಕೂ ಕಡೆ ಮುಚ್ಚಿದ ಪಲ್ಲಕ್ಕಿ, ಮುನ್ನೂರು ನಾನೂರು ಮಂದಿ ಕಾವಲಿನವರು, ದಾರಿಯ ಜನ ದೂರ ಸರಿಯಬೇಕು. ತನ್ನ ಮನೆಯ ಜಗಲಿಯ ಮೇಲೆ ಕೂತು ಬೀದಿ ನೋಡುತ್ತಿದ್ದವಳಿಗೆ ಇನ್ನು ಬೀದಿಯೇ ಇಲ್ಲ. ಮಾತು ಉಳಿಯಿತು, ಆದರೆ ಅದಕ್ಕೆ ಅವಳು ತೆತ್ತ ಬೆಲೆ ಕಡಿಮೆಯಲ್ಲ.

ಅರಮನೆಯ ನಾಟ್ಯಶಾಲೆಯನ್ನು ಪಾಯೆಸ್ ಕಣ್ಣಾರೆ ನೋಡಿದ್ದಾನೆ. ಆ ವರ್ಣನೆ ಕುಣಿತ ಕಲಿತವರು ಓದಬೇಕಾದದ್ದು. ಕಂಬಗಳ ನಡುವಿನ ಫಲಕಗಳಲ್ಲಿ ನರ್ತಕಿಯರ ಚಿಕ್ಕ ಚಿಕ್ಕ ಶಿಲ್ಪಗಳು. ಒಂದೊಂದು ಕುಣಿತ ಯಾವ ಭಂಗಿಯಲ್ಲಿ ಮುಗಿಯಬೇಕೋ ಆ ಭಂಗಿ. ಕಲಿಯುವ ಹುಡುಗಿ ಮರೆತರೆ ಫಲಕ ನೋಡಿ ನೆನಪು ಮಾಡಿಕೊಳ್ಳಬೇಕು. ಒಂದು ಕೊನೆಯಲ್ಲಿ ಹಿಡಿದುಕೊಂಡು ಮೈಕೈ ಬಗ್ಗಿಸಿ ಸಡಿಲ ಮಾಡಿಕೊಳ್ಳುವುದಕ್ಕೆ ಬೇರೆಯೇ ಜಾಗ. ಶಾಲೆಯ ಗೋಡೆಯ ಮೇಲೆ ಪಾಠದ ಚಿತ್ರ ತೂಗುಹಾಕುವ ಪದ್ಧತಿಗೆ ಇಷ್ಟು ಹಳೆಯ ಉದಾಹರಣೆ ನಮ್ಮ ನೆಲದಲ್ಲೇ ಇದೆ.

ಮಹಾನವಮಿಯ ದಿನ ರಾಣಿಯರ ಸಖಿಯರು ಮೆರವಣಿಗೆಯಲ್ಲಿ ಬರುತ್ತಿದ್ದರು. ಒಬ್ಬೊಬ್ಬ ರಾಣಿಗೆ ಅರವತ್ತು ಮಂದಿ. ಹದಿನಾರರಿಂದ ಇಪ್ಪತ್ತರ ಹುಡುಗಿಯರು. ಮೈಮೇಲಿನ ಚಿನ್ನದ ಭಾರಕ್ಕೆ ತೋಳು ಎತ್ತಲಾಗದೆ, ಪಕ್ಕದಲ್ಲಿ ಬೇರೆ ಹೆಂಗಸರು ಆ ತೋಳುಗಳನ್ನು ಹಿಡಿದುಕೊಂಡು ನಡೆಯಬೇಕಾಗಿತ್ತು. ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರದ ಲೋಹ ಅದು. ನೋಡುವವರಿಗೆ ವೈಭವ, ಹೊತ್ತವರಿಗೆ ಹೊರೆ.

ಈಗ ಮುಖ್ಯ ಸಂಗತಿಗೆ ಬರೋಣ. ಮೂವರು ರಾಣಿಯರಿಗೂ ಎಲ್ಲವೂ ಸರಿಸಮ, ಒಬ್ಬಳಿಗೆ ಎಷ್ಟೋ ಇನ್ನೊಬ್ಬಳಿಗೂ ಅಷ್ಟೇ, ಅವರಲ್ಲಿ ವೈಮನಸ್ಸು ಬರಬಾರದೆಂದು ಹೀಗೆ ಏರ್ಪಾಟು ಎಂದು ಪಾಯೆಸ್ ಬರೆದಿದ್ದಾನೆ. ಹೊರಗಿನವನೊಬ್ಬ ಕೇಳಿದ ಮಾತು ಇದು. ರಾಣಿಯರ ಮುಖವನ್ನೂ ಅವನು ನೋಡಿದವನಲ್ಲ. ಇದನ್ನು ಪರೀಕ್ಷೆ ಮಾಡುವುದು ಹೇಗೆ? ಪಾಯೆಸನ ಬರಹದ ಸುಳಿವೇ ಇಲ್ಲದ, ಅವನೂ ನೋಡಿರದ ಬೇರೊಂದು ದಾಖಲೆ ಬೇಕು. ಅದು ತಿರುಮಲೆಯಲ್ಲಿದೆ.

ಕೃಷ್ಣದೇವರಾಯ ತಿರುಮಲೆಗೆ ಏಳು ಸಲ ಹೋಗಿಬಂದ. ಮೊದಲನೆಯದು 1513ರ ಫೆಬ್ರವರಿ 10ರಂದು. ಆ ದಿನ ದೊರೆ ರತ್ನದ ಕಿರೀಟವೇ ಮೊದಲಾದ ಒಡವೆ ಅರ್ಪಿಸಿದ. ಜೊತೆಯಲ್ಲಿ ಇಬ್ಬರು ರಾಣಿಯರಿದ್ದರು, ತಿರುಮಲದೇವಿ ಮತ್ತು ಚಿನ್ನಾದೇವಿ. ದೇವರಿಗೆ ಹಾಲು ನಿವೇದಿಸಲು ಇಬ್ಬರೂ ಒಂದೊಂದು ಚಿನ್ನದ ಬಟ್ಟಲು ಕೊಟ್ಟರು. ಗಮನಿಸಿ, ಒಂದೊಂದು ಬಟ್ಟಲು. ಶ್ರೀರಂಗಪಟ್ಟಣದ ಅರಸುಮಗಳದೂ ಒಂದು, ಪಟ್ಟಣದ ಬೀದಿಯಿಂದ ಬಂದವಳದೂ ಒಂದು. ಮರುವರ್ಷ ಉದಯಗಿರಿ ಗೆದ್ದು ಬಂದಾಗ ದೊರೆ 30,000 ಚಿನ್ನದ ನಾಣ್ಯಗಳಿಂದ ಕನಕಾಭಿಷೇಕ ಮಾಡಿಸಿದ; ಆಗಲೂ ಇಬ್ಬರು ರಾಣಿಯರೂ ಜೊತೆಗಿದ್ದು ಒಬ್ಬೊಬ್ಬರೂ ತಮ್ಮ ಹೆಸರಿನಲ್ಲಿ ದೇವರಿಗೆ ದತ್ತಿ ಬಿಟ್ಟರು. ಕಳಿಂಗದ ದಂಡಯಾತ್ರೆಯಲ್ಲಿ, 1516ರಲ್ಲಿ, ವಿಶಾಖಪಟ್ಟಣದ ಹತ್ತಿರದ ಸಿಂಹಾಚಲಕ್ಕೆ ಹೋದಾಗಲೂ ಇದೇ ಇಬ್ಬರು ರಾಣಿಯರ ಒಡವೆಯ ಕಾಣಿಕೆ ಶಾಸನದಲ್ಲಿದೆ.

ಪಾಯೆಸ್ ತಿರುಮಲೆಯ ಶಾಸನ ಓದಿದವನಲ್ಲ. ಶಾಸನ ಕೆತ್ತಿದವನು ಪಾಯೆಸನನ್ನು ಬಲ್ಲವನಲ್ಲ. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಬಿದ್ದಿದ್ದ ಪಾಯೆಸ್ ಮತ್ತು ನ್ಯೂನಿಜರ ಬರಹಗಳು ಲಿಸ್ಬನ್ನಿನಲ್ಲಿ ಅಚ್ಚಾದದ್ದು 1897ರಲ್ಲಿ. ರಾಬರ್ಟ್ ಸಿವೆಲ್ ಅವನ್ನು ಇಂಗ್ಲಿಷಿಗೆ ತಂದದ್ದು 1900ರಲ್ಲಿ. ಒಬ್ಬರನ್ನೊಬ್ಬರು ಅರಿಯದ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಆ ಮಾತನ್ನು ತಳ್ಳಿಹಾಕುವುದು ಕಷ್ಟ. ಸಮಾನತೆ ಬರಿಯ ಅಂತಃಪುರದ ಸುದ್ದಿಯಾಗಿರಲಿಲ್ಲ. ಸಾವಿರಾರು ಜನರ ಎದುರಿಗೆ, ದೇವರ ಮುಂದೆ, ಕಲ್ಲಿನ ಮೇಲೆ ಬರೆಸುವಷ್ಟು ಗಟ್ಟಿಯಾಗಿತ್ತು. ಚಿನ್ನಾದೇವಿಯನ್ನು ದೊರೆ ಹಿಂದಿನ ಬಾಗಿಲಿನಲ್ಲಿ ಇಟ್ಟಿರಲಿಲ್ಲ.

ತಿರುಮಲದೇವಿಯ ಜೊತೆ ನಂದಿ ತಿಮ್ಮನ ಎಂಬ ಕವಿ ಬಳುವಳಿಯಾಗಿ ಬಂದ ಎಂದು ತೆಲುಗಿನವರು ಹೇಳುವುದುಂಟು. ಚಿನ್ನಾದೇವಿಯ ಕಡೆಯಿಂದ ಬಳುವಳಿ ತರುವ ತವರಿರಲಿಲ್ಲ. ಆದ್ದರಿಂದಲೋ ಏನೋ, ಅವಳ ಪಾಲಿಗೆ ರಾಯ ಒಂದು ಊರನ್ನೇ ಕೊಟ್ಟ ಎಂಬ ಕಥೆ ಹುಟ್ಟಿಕೊಂಡಿತು.

ಅವಳ ಮೇಲಿನ ಪ್ರೀತಿಗಾಗಿ ಹೊಸ ಪಟ್ಟಣ ಕಟ್ಟಿಸಿದ ಎಂದು ಇಬ್ಬರು ಪೋರ್ಚುಗೀಸರೂ ಹೇಳುತ್ತಾರೆ. ಪಾಯೆಸನ ಹಸ್ತಪ್ರತಿಯಲ್ಲಿ ಆ ಪಟ್ಟಣದ ಹೆಸರಿರಬೇಕಾದ ಜಾಗ ಖಾಲಿ ಬಿಟ್ಟಿದೆ. ನ್ಯೂನಿಜ್ ಅದನ್ನು ನಾಗಲಾಪುರ ಎನ್ನುತ್ತಾನೆ. ಎಡವಟ್ಟು ಇರುವುದು ಇಲ್ಲೇ. ನಾಗಲಾದೇವಿ ರಾಯನ ತಾಯಿಯ ಹೆಸರು. ತುಳುವ ನರಸನಾಯಕನ ಹೆಂಡತಿ. ಸಿಂಹಾಚಲದ ಕಾಣಿಕೆಯನ್ನು ಕೊಟ್ಟದ್ದೂ ತಂದೆ ನರಸ, ತಾಯಿ ನಾಗಲೆಯರ ಪುಣ್ಯಕ್ಕೆಂದೇ. ಪ್ರೇಯಸಿಗೆ ಊರು ಕಟ್ಟಿಸಿ ತಾಯಿಯ ಹೆಸರಿಡುವವರು ಯಾರು? ಅಷ್ಟೇ ಅಲ್ಲ, ಶಾಸನಗಳು ಹೊಸಪೇಟೆಯನ್ನು ತಿರುಮಲದೇವಿಯರ ಪಟ್ಟಣ ಎನ್ನುತ್ತವೆ. ಹತ್ತಿರದ ಅನಂತಶಯನಗುಡಿಯ ಪೇಟೆಗೆ 1524ರಲ್ಲಿ ಇಟ್ಟದ್ದು ಮಗ ತಿರುಮಲನ ಹೆಸರು. ರಾಯ ತನ್ನ ಮನೆಯವರ ಹೆಸರಿನಲ್ಲಿ ಒಂದೊಂದು ಪೇಟೆ ಕಟ್ಟಿಸುತ್ತ ಹೋದ. ಅವುಗಳಲ್ಲಿ ಒಂದಕ್ಕೆ ಸಂತೆಯ ಜನ ಹೆಚ್ಚು ರುಚಿಯಾದ ಕಾರಣ ಕೊಟ್ಟರು. ತಾಯಿಯ ನೆನಪಿಗಿಂತ ಪ್ರೇಯಸಿಯ ಕಥೆ ಬೇಗ ಓಡುತ್ತದೆ. ಅಂದೂ ಅಷ್ಟೇ, ಇಂದೂ ಅಷ್ಟೇ.

ಕಾರಣ ಯಾವುದಾದರೂ ಇರಲಿ, ಪಟ್ಟಣ ಮಾತ್ರ ಸಣ್ಣದಲ್ಲ. ಅದರ ರಾಜಬೀದಿ ಉದ್ದ 4,700 ಹೆಜ್ಜೆ, ಅಗಲ 40 ಹೆಜ್ಜೆ ಎಂದು ನ್ಯೂನಿಜ್ ಲೆಕ್ಕ ಕೊಡುತ್ತಾನೆ. ಹೆಜ್ಜೆಗೆ ಮುಕ್ಕಾಲು ಮೀಟರು ಹಿಡಿದರೆ ಮೂರೂವರೆ ಕಿಲೋಮೀಟರು ಉದ್ದ, 30 ಮೀಟರು ಅಗಲ. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಕೊಬ್ಬರಿ ಹರಾಜಿನ ದಿನ ಲಾರಿಗಳ ನಡುವೆ ಸಿಕ್ಕಿಕೊಂಡವರು ಈ 30 ಮೀಟರನ್ನು ಒಮ್ಮೆ ಊಹಿಸಿಕೊಳ್ಳಬಹುದು. ನಾಡಿನ ನಾಯಕರೆಲ್ಲ ಅಲ್ಲಿ ಒಂದೊಂದು ಮನೆ ಕಟ್ಟಿಸಬೇಕೆಂದು ಅಪ್ಪಣೆಯಾಯಿತು, ಕಟ್ಟಿಸಿದರು. ಹಾಗಲವಾಡಿಯಂಥ ಕಡೆಗಳಲ್ಲಿ ನಾಯಕತನ ಮಾಡಿಕೊಂಡಿದ್ದವರಿಗೆ ರಾಜಧಾನಿಯ ಅಪ್ಪಣೆ ಎಂದರೆ ಏನೆಂದು ಇದರಿಂದ ತಿಳಿಯಬಹುದು. ಪಟ್ಟಣದ ಉತ್ಪತ್ತಿ 45,000 ವರಹ. ತೂಕದಲ್ಲಿ 150 ಕಿಲೋ ಚಿನ್ನಕ್ಕಿಂತ ಹೆಚ್ಚು.

ನೀರಿರಲಿಲ್ಲ. ಪಟ್ಟಣಕ್ಕಾಗಿ ಎರಡು ಗುಡ್ಡಗಳ ನಡುವೆ ಕೆರೆ ಕಟ್ಟುವ ಕೆಲಸ ಹಿಡಿದರು. ಗೋವೆಯಿಂದ ಜುವಾವ್ ದ ಲಾ ಪೊಂಟೆ ಎಂಬ ಕಲ್ಲುಕೆಲಸದವನು ಬಂದ. ಪಾಯೆಸ್ ನೋಡಿದಾಗ ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳ ಹಾಗೆ ನೆಲ ಕಾಣದಂತೆ ಮುತ್ತಿಕೊಂಡಿದ್ದರು. ದಂಡನಾಯಕರಿಗೆ ಇಷ್ಟಿಷ್ಟು ಎಂದು ಏರಿಯನ್ನು ಹಂಚಿಕೊಟ್ಟಿದ್ದರು. ಏರಿ ಎರಡು ಮೂರು ಸಲ ಒಡೆಯಿತು.

ಮಲ್ಲಾಘಟ್ಟದ ಕೆರೆ ನೋಡಿಕೊಂಡು ಬೆಳೆದವರಿಗೆ ಏರಿ ಒಡೆಯುವ ಬಗೆ ಹೇಳಿಕೊಡಬೇಕಾಗಿಲ್ಲ. ಮಣ್ಣಿನ ಏರಿಯ ಒಳಗೆ ನೀರು ಜಿನುಗುತ್ತದೆ. ಜಿನುಗುವ ನೀರು ಮೊದಲು ತಿಳಿಯಾಗಿರುತ್ತದೆ. ಕೆಂಪಗಾಯಿತೆಂದರೆ ಮಣ್ಣಿನ ಕಣಗಳನ್ನು ಹೊತ್ತು ತರುತ್ತಿದೆ ಎಂದು ಅರ್ಥ. ಇಲಿ ಬಿಲದಷ್ಟು ತೂತು ದಿನದೊಳಗೆ ಗಾಡಿ ಹೋಗುವಷ್ಟಾಗುತ್ತದೆ. ನೀರಿನ ಆಳ ಹೆಚ್ಚಿದಂತೆ ಬುಡದ ಮೇಲಿನ ಒತ್ತಡವೂ ಹೆಚ್ಚುವುದರಿಂದ ಏರಿ ಸೋಲುವುದು ಬುಡದಲ್ಲಿ. ಜೇಡಿಮಣ್ಣನ್ನು ಪದರ ಪದರವಾಗಿ ತುಳಿಸಿ ಗಟ್ಟಿ ಮಾಡಬೇಕು. ಒಬ್ಬ ದಂಡನಾಯಕನ ಪಾಲು ಗಟ್ಟಿ, ಪಕ್ಕದವನದು ಸಡಿಲ ಎಂದಾದರೆ ನೀರು ಸಡಿಲವಿದ್ದ ಕಡೆ ದಾರಿ ಹುಡುಕಿಕೊಳ್ಳುತ್ತದೆ. ಆದರೆ ಆಗ ಕಾರಣ ಕೇಳಿದ್ದು ಬೇರೆಯವರನ್ನು. ದೇವತೆಗೆ ಕೋಪ ಬಂದಿದೆ, ರಕ್ತ ಬೇಕು ಎಂಬ ಉತ್ತರ ಬಂತು. ಅರವತ್ತು ಮಂದಿಯ ತಲೆ ಹೊಡೆಸಿದರು, ಕೆಲವು ಕುದುರೆ, ಕೋಣಗಳನ್ನೂ ಕಡಿಸಿದರು ಎಂದು ಪಾಯೆಸ್ ಬರೆಯುತ್ತಾನೆ. ಸತ್ತವರು ಮರಣದಂಡನೆಗೆ ಅರ್ಹರಾದ ಕೈದಿಗಳು ಎಂದು ನ್ಯೂನಿಜ್. ಕೆರೆಗೆ ಹಾರವಾದ ಭಾಗೀರಥಿಯ ಹಾಡು ಕೇಳಿದವರಿಗೆ ಇದು ಹೊಸದಾಗಿ ಕಾಣದು. ಭಾಗೀರಥಿಗಾದರೂ ಹಾಡು ಇದೆ. ಆ ಅರವತ್ತು ಮಂದಿಗೆ ಹೆಸರೂ ಇಲ್ಲ.

ಚಿನ್ನಾದೇವಿಯ ಕಥೆಯನ್ನು ಬರಿಯ ಪ್ರೇಮಕಥೆಯಾಗಿ ಹೇಳುವವರು ಈ ಕೆರೆಯ ದಂಡೆಗೆ ಬರುವುದಿಲ್ಲ. 1970ರಲ್ಲಿ ಬಿ.ಆರ್. ಪಂತುಲು ತೆಗೆದ 'ಶ್ರೀ ಕೃಷ್ಣದೇವರಾಯ' ಚಿತ್ರದಲ್ಲಿ ರಾಜ್‌ಕುಮಾರ್ ದೊರೆಯಾಗಿ, ಪಂತುಲು ತಿಮ್ಮರಸನಾಗಿ ಬಂದದ್ದು ಹಳಬರಿಗೆ ನೆನಪಿರಬಹುದು. ಟೆಂಟಿನಲ್ಲಿ ಅದನ್ನು ನೋಡಿದವರಿಗೆ ಕೃಷ್ಣದೇವರಾಯ ಎಂದರೆ ಇಂದಿಗೂ ಆ ಮುಖವೇ. ಸಿಡುಬಿನ ಕಲೆ ಇದ್ದ ಮುಖ ಎಂದರೆ ಒಪ್ಪುವವರು ಕಡಿಮೆ.

ಇಂಥ ಹೆಂಗಸರು ಎಲ್ಲ ದೇಶದ ಅರಮನೆಗಳಲ್ಲೂ ಇದ್ದರು. ಚಿನ್ನಾದೇವಿಗಿಂತ ಸುಮಾರು ಅರವತ್ತು ವರ್ಷ ಹಿಂದೆ ಫ್ರಾನ್ಸಿನಲ್ಲಿ ಏಳನೆಯ ಚಾರ್ಲ್ಸ್ ದೊರೆಗೆ ಆನ್ಯೆಸ್ ಸೊರೆಲ್ ಎಂಬ ಪ್ರೇಯಸಿಯಿದ್ದಳು. ಆಸ್ಥಾನದಲ್ಲಿ ಬಹಿರಂಗವಾಗಿ ಪ್ರೇಯಸಿಯ ಸ್ಥಾನ ಪಡೆದ ಮೊದಲಿಗಳು ಎಂದು ಅಲ್ಲಿಯ ಇತಿಹಾಸಕಾರರು ಅವಳನ್ನು ಕರೆಯುತ್ತಾರೆ. ದೊರೆ ಅವಳಿಗೆ ಕೋಟೆ ಕೊಟ್ಟ, ಮೂವರು ಹೆಣ್ಣುಮಕ್ಕಳನ್ನು ಕೊಟ್ಟ, ಮದುವೆಯೊಂದನ್ನು ಬಿಟ್ಟು ಎಲ್ಲ ಕೊಟ್ಟ. 1450ರಲ್ಲಿ, ಇಪ್ಪತ್ತೆಂಟರ ಸುಮಾರಿನ ವಯಸ್ಸಿನಲ್ಲಿ, ಹೆರಿಗೆಯ ಬೆನ್ನಿಗೇ ಸತ್ತಳು. ಯಾರೋ ವಿಷ ಹಾಕಿದರು ಎಂದು ಆಗಲೇ ಗುಲ್ಲೆದ್ದಿತು. ಐನೂರೈವತ್ತು ವರ್ಷಗಳ ಮೇಲೆ, 2004-05ರಲ್ಲಿ, ಲೋಶ್ ಎಂಬ ಊರಿನ ಅವಳ ಸಮಾಧಿಯಿಂದ ಅವಶೇಷ ತೆಗೆದು ಪರೀಕ್ಷಿಸಿದಾಗ ಕೂದಲಲ್ಲಿ ವಿಪರೀತ ಪಾದರಸ ಸಿಕ್ಕಿತು. ಜೊತೆಗೆ ಜಂತುಹುಳುವಿನ ಮೊಟ್ಟೆಗಳೂ ಸಿಕ್ಕಿದವು. ಆ ಕಾಲದಲ್ಲಿ ಜಂತುಹುಳುವಿಗೆ ಪಾದರಸವನ್ನು ಔಷಧಿಯಾಗಿ ಕೊಡುತ್ತಿದ್ದರು. ಕೊಂದದ್ದು ಶತ್ರುವೋ ಔಷಧಿಯ ಪ್ರಮಾಣವೋ ಎಂಬ ಪ್ರಶ್ನೆ ಹಾಗೇ ನಿಂತಿದೆ. ಪ್ರೇಯಸಿಯಾದವಳು ಸತ್ತರೆ ಅದರ ಹಿಂದೆ ಒಂದು ಪಿತೂರಿ ಹುಡುಕುವುದು, ಬದುಕಿದರೆ ಅದರ ಹಿಂದೆ ಒಂದು ಮಾಟ ಹುಡುಕುವುದು ಎಲ್ಲ ಊರಿನ ಚಾಳಿ.

ವಿಷದ ಮಾತು ವಿಜಯನಗರದಲ್ಲೂ ಎದ್ದಿತು. ತಿರುಮಲದೇವಿಯ ಮಗ, ಆರು ವರ್ಷದ ತಿರುಮಲರಾಯನಿಗೆ 1524ರಲ್ಲಿ ಪಟ್ಟ ಕಟ್ಟಿದರು. ಸ್ವಲ್ಪ ಕಾಲದಲ್ಲೇ ಹುಡುಗ ಸತ್ತ. ತಿಮ್ಮರಸನ ಮಗ ವಿಷ ಹಾಕಿದನೆಂದು ದೊರೆಯ ಕಿವಿಗೆ ಬಿತ್ತು. ನ್ಯೂನಿಜ್ ಬರೆದಿರುವಂತೆ, ದೊರೆ ತಿಮ್ಮರಸನನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿ ಕಣ್ಣು ತೆಗೆಸಿದ. ಯಾವ ಹುಡುಗನ ಕಣ್ಣು ಉಳಿಸಲು ಮೇಕೆಯ ಕಣ್ಣು ಕಿತ್ತನೆಂದು ಅದೇ ನ್ಯೂನಿಜ್ ಹೇಳಿದನೋ, ಅವನಿಂದಲೇ! ಪ್ರೇಯಸಿಗೆ ಕೊಟ್ಟ ಮಾತನ್ನು ಮರೆಯದ ದೊರೆ ಅಪ್ಪಾಜಿಯ ಋಣವನ್ನು ಮರೆತ. ಆ ರಾತ್ರಿ ಅವಳ ಮನೆಯ ಬಾಗಿಲಲ್ಲಿ ನಿಂತು ದೊರೆಯನ್ನು ಬೈದವನು, ಕೊನೆಗೆ ಅವಳನ್ನು ರಾಣೀವಾಸಕ್ಕೆ ತಲುಪಿಸಿದವನೂ ಆ ತಿಮ್ಮರಸನೇ ಅಲ್ಲವೆ? 1529ರಲ್ಲಿ ರಾಯನೂ ತೀರಿಕೊಂಡ. 1565ರಲ್ಲಿ ಪಟ್ಟಣವೇ ಹಾಳಾಯಿತು. ಗಣಿಕೆಯರ ಬೀದಿಯ ಸಂಪತ್ತೂ ಮರ್ಯಾದೆಯೂ ಹೋದವು. ಮುಂದಿನ ಕಾಲದಲ್ಲಿ ಆ ವೃತ್ತಿಯ ಹೆಸರಿನಲ್ಲಿ ಉಳಿದದ್ದು ಬಡವರ ಮನೆಯ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವ ಅನಿಷ್ಟ. ಅದನ್ನು ತಡೆಯಲು ಕರ್ನಾಟಕದಲ್ಲಿ 1982ರಲ್ಲಿ ಕಾನೂನು ಬರಬೇಕಾಯಿತು. ಲಕ್ಷ ವರಹದ ಕಥೆ ಹೇಳಿ ಹಿಂದಿನದೆಲ್ಲ ಚಿನ್ನ ಎನ್ನುವವರು ಆ ಹುಡುಗಿಯರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊಸಪೇಟೆ 2021ರಲ್ಲಿ ವಿಜಯನಗರ ಎಂಬ ಹೊಸ ಜಿಲ್ಲೆಯ ಕೇಂದ್ರವಾಯಿತು. ಊರಿನ ದಕ್ಷಿಣಕ್ಕೆ ಗುಡ್ಡಗಳ ನಡುವೆ ಆ ಕೆರೆಯ ಏರಿ ಇನ್ನೂ ಇದೆ.

ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯಿಂದ ತಿರುಪತಿಗೆ ಹೋಗುವವರು ವರ್ಷವಿಡೀ ಇದ್ದೇ ಇರುತ್ತಾರೆ. ಬೆಟ್ಟದ ಮೇಲೆ ಮಹಾದ್ವಾರ ದಾಟಿ ಒಳಗೆ ಕಾಲಿಟ್ಟ ಕೂಡಲೇ ಪ್ರತಿಮಾ ಮಂಟಪ ಸಿಗುತ್ತದೆ. ಸರದಿಯ ನೂಕುನುಗ್ಗಲಿನಲ್ಲಿ ಅತ್ತ ನೋಡುವವರು ಕಡಿಮೆ. ಅಲ್ಲಿ ಆಳೆತ್ತರದ ಮೂರು ತಾಮ್ರದ ಪ್ರತಿಮೆಗಳು ಕೈಮುಗಿದು ನಿಂತಿವೆ. ನಡುವೆ ಕೃಷ್ಣದೇವರಾಯ, ಎಡಬಲದಲ್ಲಿ ಇಬ್ಬರು ರಾಣಿಯರು. ಇಬ್ಬರ ಉಡುಗೆ, ತೊಡುಗೆ, ನಿಲುವು ಎಲ್ಲ ಒಂದೇ ಬಗೆ. ಭುಜದ ಮೇಲೆ ಕೆತ್ತಿದ ಹೆಸರು ಓದದೆ ಇವರಲ್ಲಿ ಅರಸುಮಗಳು ಯಾರು, ಚಿನ್ನಾದೇವಿ ಯಾರು ಎಂದು ಹೇಳುವುದು ಸುಲಭವಲ್ಲ.